ಬೆಲ್ಲದ ಲ್ಲ, ತುಪ್ಪದ ಪ್ಪ

ಬಳಪದಲ್ಲಿ ಬರೆದು ಒದ್ದೆ ಬಟ್ಟೆಯಿಂದ ಒರೆಸಿದ ಪಾಟಿಗೆ ಒಂದು ವಾಸನೆ ಇರುತ್ತದೆ. ಬಾವಿಯೊಳಗೆ ಇಣುಕಿದಾಗ ಮುಖಕ್ಕೆ ತಾಗುವಂಥ ತಣ್ಣನೆಯ ವಾಸನೆ. ಸುಮಾ, ನಿನ್ನೆ ಸಂಜೆ ನೀನು ಪಾಟಿ ಒರೆಸಿ ನನ್ನ ಮೂಗಿನ ಕೆಳಗೆ ಹಿಡಿದೆಯಲ್ಲ, ಆಗ ನನಗೆ ಸುರೇಬಾನದ ನಮ್ಮ ಹೊಲ ನೆನಪಾಯಿತು. ಪಾಟಿಗೂ ಹೊಲಕ್ಕೂ ಏನು ಸಂಬಂಧ ಎಂದು ಕೇಳಬೇಡ, ಅದನ್ನೇ ಬರೆಯಲು ಕುಳಿತಿದ್ದೇನೆ.

ಈಗ ನೀನೂ ನಿನ್ನಣ್ಣ ಮಂಜುವೂ ಶಾಲೆಗೆ ಹೋಗಿದ್ದೀರಿ. ನಿಮ್ಮವ್ವ ಹೊಲಿಗೆ ಅಂಗಡಿಗೆ, ನಿಮ್ಮಪ್ಪ ಕೆಲಸಕ್ಕೆ. ಬೈಲಹೊಂಗಲದ ಈ ಮನೆಯಲ್ಲಿ ಹತ್ತು ಗಂಟೆಯ ಮೇಲೆ ಮಾತಾಡುವುದು ಫ್ರಿಜ್ ಒಂದೇ. ಅದಕ್ಕೆ ಉತ್ತರ ಕೊಡುವ ಮಟ್ಟಕ್ಕೆ ನಾನಿನ್ನೂ ಬಂದಿಲ್ಲ. ಕಾಯಿಪಲ್ಲೆ ಮಾರುವವಳು ಕೂಗಿದರೂ ಬಾಗಿಲ ಮರೆಯಿಂದ ತಲೆಯಾಡಿಸಿ ಕಳಿಸುವವಳು ನಾನು. ಹುಟ್ಟಿನಿಂದಲೂ ಹಾಗೆಯೇ.

ನಿನ್ನೆ ನೀನು ‘ಅಕ್ಕ’ ಎಂಬುದನ್ನು ‘ಅಕ’ ಎಂದು ಓದುತ್ತಿದ್ದೆ. ಒತ್ತಕ್ಷರ ನಿನ್ನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ರೊಟ್ಟಿ ಬಡಿಯುತ್ತಿದ್ದ ನಿಮ್ಮವ್ವ, ಅಜ್ಜಿಯನ್ನು ಕೇಳು, ಅಜ್ಜನಿಗೂ ಅಕಿನೇ ಕಲಿಸಿದ್ದು ಎಂದಳು. ನಾನು ಮಗಳ ಈ ಮನೆಗೆ ಬಂದ ಮೇಲೆ ಉಪ್ಪಿನ ಡಬ್ಬಿ ಎಲ್ಲಿದೆ, ಕೀಲಿ ಎಲ್ಲಿದೆ ಎಂದು ಕೇಳಿದ್ದಾರೆಯೇ ಹೊರತು ಇದು ಹೇಗೆ ಎಂದು ಯಾರೂ ಕೇಳಿರಲಿಲ್ಲ. ಎದ್ದು ಬಂದು ನಿನ್ನ ಪಕ್ಕ ಕುಳಿತು ಬಳಪ ಕೈಗೆ ತೆಗೆದುಕೊಂಡೆ.

ನಿಮ್ಮ ಅಜ್ಜ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಸಣ್ಣವರಿದ್ದಾಗಲೇ ದನದ ಹಿಂದೆ ಹೋದರು. ನಾನು ಊರ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ಮುಗಿಸಿದ್ದೆ, ಅದೇ ದೊಡ್ಡ ಓದು. ನಿಮ್ಮವ್ವನನ್ನು ಶಾಲೆಗೆ ಸೇರಿಸುವ ಬೇಸಿಗೆ ಬಂತು. ಒಂದು ಮಧ್ಯಾಹ್ನ ಹೊಲಕ್ಕೆ ಬುತ್ತಿ ಒಯ್ದಾಗ ಬೇವಿನ ಮರದ ಕೆಳಗೆ ಕುಳಿತು ಮೆಲ್ಲಗೆ ಹೇಳಿದರು: “ಹುಡುಗಿನ್ನ ಸಾಲಿಗೆ ಹಚ್ಚೂ ದಿನಾ ನಾ ಹೆಬ್ಬಟ್ಟ ಒತ್ತಂಗಿಲ್ಲ. ಅಕಿ ನೋಡತಿರತಾಳ. ನೀ ಕಲಸು.”

ಮನೆಯಲ್ಲಿ ಅತ್ತೆ ಇದ್ದರು. ಹೆಂಡತಿಯಿಂದ ಗಂಡ ಪಾಠ ಹೇಳಿಸಿಕೊಳ್ಳುವುದನ್ನು ಅವರು ನೋಡುವಂತಿರಲಿಲ್ಲ. ಹಾಗಾಗಿ ನಮ್ಮ ಶಾಲೆ ಹೊಲದಲ್ಲೇ ನಡೆಯಿತು. ಕಪ್ಪು ಮಣ್ಣೇ ಪಾಟಿ, ಎತ್ತು ಹೊಡೆಯುವ ಬಾರಕೋಲೇ ಬಳಪ. ಒಂಟಿ ಅಕ್ಷರಗಳು ಬೇಗ ಬಂದವು. ಒತ್ತಿಗೆ ಬಂದಾಗ ಬಂಡಿ ನಿಂತಿತು. ಕೆಳಗಿನದು ಸಣ್ಣದಾಗಿ ಯಾಕೆ ಕೂರುತ್ತದೆ, ತಲೆಕಟ್ಟು ಎಲ್ಲಿ ಹೋಯಿತು ಎಂದು ಅವರ ತಕರಾರು. ನೀವು ಉಣ್ಣಲು ಕೂತಾಗ ತಲೆಗೆ ಸುತ್ತಿದ ಪಟಗಾ ತೆಗೆದಿಡುವುದಿಲ್ಲವೇ, ಹಾಗೆ ಅದೂ ತಲೆಕಟ್ಟು ತೆಗೆದಿಟ್ಟು ಕೂತಿದೆ ಎಂದೆ. ಮೇಲಿನದನ್ನು ಬಾಯಲ್ಲೇ ಒಂದು ಗಳಿಗೆ ಹಿಡಿಯಿರಿ, ಕೆಳಗಿನದರ ಜೊತೆ ಬಿಡಿರಿ ಎಂದೆ. ಇವೇ ಮಾತುಗಳನ್ನು ನಿನ್ನೆ ನಿನಗೂ ಹೇಳಿದ್ದು.

ಅವರ ಹೆಸರು ಕಲ್ಲಪ್ಪ. ಬರೆಯುವುದಕ್ಕೆ ನನಗೆ ಎಂದೂ ಅಡ್ಡಿಯಿರಲಿಲ್ಲ, ಬಾಯಿಂದ ಹೇಳುವುದು ಮಾತ್ರ ಇಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮವ್ವ ಕಲಿಸಿ ಕಳಿಸಿದ್ದಳು. ಮದುವೆಯಲ್ಲಿ ಪ್ರಾಸ ಕಟ್ಟಿ ಗಂಡನ ಹೆಸರು ಹೇಳುವ ಒಡಪಿಗೆ ಎಲ್ಲರೂ ಕಾಡಿದಾಗಲೂ ನಾನು ಸೆರಗು ಕಚ್ಚಿಕೊಂಡು ಕುಳಿತೆ. ನನ್ನ ಪರವಾಗಿ ನಮ್ಮಕ್ಕ ಹೇಳಿ ಮುಗಿಸಿದಳು. ಜೋಳದಲ್ಲಿ ಕಲ್ಲು ಸಿಕ್ಕರೂ ನಾನು ‘ಹಳ್ಳು’ ಎನ್ನುತ್ತಿದ್ದೆ. ಅಷ್ಟು ಮಡಿ.

ಒಂದು ದಿನ ಅವರು ಮಣ್ಣಿನಲ್ಲಿ ‘ಕಲಪ’ ಎಂದು ಬರೆದು ಕೋಲು ಕೆಳಗಿಟ್ಟರು. “ಓದು. ಎಲ್ಲಿ ತಪ್ಪೈತಿ ನನಗ ಕೇಳಸ್ಲಿ.”

ನಾನು ಓದಲಿಲ್ಲ. ಬುತ್ತಿಯ ಬಟ್ಟೆ ಮಡಚುತ್ತ, “ನಡುವಿಂದು ಬೆಲ್ಲದಾಗಿನ ಲ್ಲ ರೀ, ಕಡಿಗಿಂದು ತುಪ್ಪದಾಗಿನ ಪ್ಪ” ಎಂದೆ.

ಎರಡೂ ಒತ್ತು ಬರೆದು ನನ್ನನ್ನೇ ನೋಡಿದರು. “ನನ್ನ ಹೆಸರಾಗ ಬೆಲ್ಲಾ ಹಾಕಿದಿ, ತುಪ್ಪಾ ಹಾಕಿದಿ. ಬಾಯಾಗ ಮಾತ್ರ ಹಾಕ್ಕೊಳ್ಳಂಗಿಲ್ಲ, ಹೌದಿಲ್ಲೊ?”

ನಿಮ್ಮವ್ವನನ್ನು ಸೇರಿಸಿದ ದಿನ ಶಾಲೆಯಲ್ಲಿ ಸಹಿ ಮಾಡಿದರು. ಲ್ಲ ಸ್ವಲ್ಪ ಹೊಟ್ಟೆ ಬಂದಂತಾಗಿತ್ತು, ಆದರೂ ಸಹಿಯೇ. ಅಂದಿನಿಂದ ಅದೊಂದು ಆಟವಾಯಿತು. ಎಲ್ಲಾದರೂ ಹೆಸರು ಬರೆದರೆ ನನ್ನ ಕಡೆ ತಿರುಗಿಸಿ “ಓದು” ಎನ್ನುವರು. ನಾನು ಬೆಲ್ಲ, ತುಪ್ಪ ಎನ್ನುವೆ. ಹಾಸಿಗೆ ಹಿಡಿದ ವರ್ಷ ರಾಮದುರ್ಗದ ಆಸ್ಪತ್ರೆಯಲ್ಲಿ ಔಷಧ ಚೀಟಿಯ ಮೇಲಿನ ಹೆಸರಿನ ಮೇಲೆ ಬೆರಳಿಟ್ಟು, “ಈಗರ ಓದತಿ?” ಎಂದರು. ಆಯುಷ್ಯದ ಭಯ ಆಗಲೇ ಹೆಚ್ಚಿತ್ತು. ನಾನು ಇಲ್ಲವೆಂದು ತಲೆಯಾಡಿಸಿದೆ. ಅವರು ನಕ್ಕು ಚೀಟಿ ಮಡಚಿದರು. ನಾನು ಹೇಳಲಿಲ್ಲ, ಆಯುಷ್ಯ ತನ್ನ ಪಾಡಿಗೆ ಮುಗಿಯಿತು.

ನಿನ್ನೆ ಪಾಟಿ ಒರೆಸಿದ ಮೇಲೆ ನೀನು ಮನೆಮಂದಿಯ ಹೆಸರು ಬರೆಯಲು ಕುಳಿತು, ಸುಮಾ, ಪಾಟಿಯ ಮೇಲೆ ಅದೇ ‘ಕಲಪ’ ಬರೆದೆ. “ಅಜ್ಜಿ, ನೀನ ಓದು” ಎಂದೆ. ಗೋಡೆಯ ಮೇಲಿನ ಅಜ್ಜನ ಫೋಟೋ ನನ್ನನ್ನೇ ನೋಡುತ್ತಿತ್ತು. ನಾನು ಬೆಲ್ಲದ ಲ್ಲ, ತುಪ್ಪದ ಪ್ಪ ಎಂದೆ. ನೀನು ತಿದ್ದಿಕೊಂಡು, ಉಸಿರು ಹಿಡಿದು ಬಿಟ್ಟು, ಕಲ್ಲಪ್ಪ, ಕಲ್ಲಪ್ಪ ಎಂದು ಮನೆಯೆಲ್ಲ ಕುಣಿದೆ. ಈ ಮನೆಯಲ್ಲಿ ಆ ಹೆಸರನ್ನು ಅಷ್ಟು ಗಟ್ಟಿಯಾಗಿ ಯಾರೂ ಕರೆದಿರಲಿಲ್ಲ.

ಈಗ ಪಾಟಿ ಕಿಟಕಿಯ ಬಳಿ ಇದೆ. ಬರೆದದ್ದು ಹಾಗೇ ಇದೆ. ಸ್ವಲ್ಪ ಹೊತ್ತಿನ ಹಿಂದೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿಬಿಟ್ಟು ಓದಿದೆ. ಮೊದಲ ಸಲ ಕ ಮಾತ್ರ ಬಂತು. ಎರಡನೆಯ ಸಲ ಪೂರ್ತಿ ಬಂತು. ಹೆಸರು ಹಿಡಿದು ಕರೆದರೆ ‘ಓ’ ಎನ್ನಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಫೋಟೋದ ಕಡೆ ಕಿವಿಗೊಟ್ಟು ಕಾದೆ. ಫ್ರಿಜ್ ಗುಂಯ್ ಎಂದು ಶುರುವಾಯಿತು.

ಪಾಟಿ ಒರೆಸಿಲ್ಲ. ಸಂಜೆ ಬಂದು ಇನ್ನೊಮ್ಮೆ ಓದು ಎಂದು ಕೇಳು, ಸುಮಾ. ಬೆಲ್ಲ, ತುಪ್ಪ ಏನೂ ಹಾಕುವುದಿಲ್ಲ. ಹಾಗೇ ಓದುತ್ತೇನೆ.