ಜೇಬೆಜ್ ಕೆತ್ತಿದ ಐನೂರು ವರ್ಷದ ಕಮಾನು

ಹಾಲ್ಕಂಬ್ ಬಂಗಲೆಯ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ಸೌಟು ಆಡಿಸಿದವಳು ನಾನು. ಆ ಮನೆಯಲ್ಲಿ ಯಾವುದು ಹಳೆಯದು, ಯಾವುದು ಹಳೆಯದರಂತೆ ನಟಿಸುತ್ತಿದೆ ಎಂದು ನನ್ನನ್ನು ಕೇಳಿ, ಪಂಡಿತರನ್ನಲ್ಲ. ಮೊದಲ ಯಜಮಾನ ಕಲ್ಲಿನ ಮನೆ ಕಟ್ಟಿಸಿದ. ಅವನ ಮೊಮ್ಮಗನಿಗೆ ಕಲ್ಲು ಹಳ್ಳಿಗಾಡಿನದು ಅನ್ನಿಸಿ ಮುಂಭಾಗಕ್ಕೆಲ್ಲ ಬಿಳಿ ಗಾರೆ ಮೆತ್ತಿಸಿದ. ಮುಂದಿನವನು ಆ ಗಾರೆ ಕೆರೆಸಿ, ಕುರಿಗಳನ್ನು ಬಿಟ್ಟರೆ ಯಾರೂ ಮುತ್ತಿಗೆ ಹಾಕದ ಊರಿನಲ್ಲಿ, ಮಾಡಿನ ಸುತ್ತ ಕೋಟೆಗಿರುವಂಥ ಹಲ್ಲುಹಲ್ಲಿನ ತೆನೆಗೋಡೆ ಕಟ್ಟಿಸಿದ. ಕೊನೆಗೆ ಬಿಸ್ಕತ್ತು ಮಾರಿ ದೊಡ್ಡವನಾದ ವೆನಿಂಗ್ ಅದನ್ನು ಕೊಂಡ. ಅವನ ಬಳಿ ಎಲ್ಲವೂ ಇತ್ತು, ಹೇಳಿಕೊಳ್ಳಲು ಒಬ್ಬ ತಾತ ಮುತ್ತಾತ ಮಾತ್ರ ಇರಲಿಲ್ಲ. ಹಾಗಾಗಿ 1926ರಲ್ಲಿ, ಹಜಾರಕ್ಕೆ ಐನೂರು ವರ್ಷ ಹಳೆಯ ಕಮಾನೊಂದನ್ನು ಹೊಸದಾಗಿ ಮಾಡಿಕೊಡಿ ಎಂದ.

ಮಾಡಿಕೊಟ್ಟವನು ನಮ್ಮೂರಿನ ಕಲ್ಲುಕುಟಿಗ ಜೇಬೆಜ್ ಹಾಕಡೇ. ಆಗ ಅವನಿಗೆ ಇಪ್ಪತ್ನಾಲ್ಕು. ಹನ್ನೊಂದು ತಿಂಗಳು ಕೂತು ಎರಡೂ ಬದಿಗೆ ದ್ರಾಕ್ಷಿ ಎಲೆಗಳನ್ನು ಕೆತ್ತಿದ. ಎಲೆಯಲ್ಲಿ ಹುಳು ತಿಂದ ತೂತನ್ನೂ ಬಿಡಲಿಲ್ಲ. ಆಮೇಲೆ ಹುಳಿ ಮಜ್ಜಿಗೆಯಲ್ಲಿ ಸಗಣಿ ಕಲಸಿ ಕಲ್ಲಿಗೆ ಬಳಿದು, ಎರಡು ಚಳಿಗಾಲ ಹಿತ್ತಲಿನಲ್ಲಿ ಪಾಚಿ ಹಿಡಿಸಿ, ತೊಳೆದು ಒಳಗೆ ನಿಲ್ಲಿಸಿದ. ಹಳೆತನ ಬರುವುದು ಹೀಗೆ.

ವೆನಿಂಗ್ ಸತ್ತ, ಮನೆಯವರ ಮಟ್ಟಿಗೆ ಗುಟ್ಟೂ ಅವನ ಜೊತೆ ಮಣ್ಣಿಗೆ ಹೋಯಿತು. ಅವನ ಸೊಸೆಯ ಕಾಲಕ್ಕೆ ಲಂಡನ್ನಿನಿಂದ ಲಮ್ಲಿ ಎಂಬ ಹಳೆಕಟ್ಟಡಗಳ ಪಂಡಿತ ಬಂದ. ಕಮಾನನ್ನು ಸವರಿ, ಕಣ್ಣು ಒದ್ದೆ ಮಾಡಿಕೊಂಡು, ಹದಿನೈದನೇ ಶತಮಾನದ್ದೆಂದು ಬರೆದುಕೊಂಡ. ಅಂದಿನಿಂದ ಅದನ್ನು ಯಾರೂ ಮುಟ್ಟಬಾರದೆಂದು ಕಾನೂನಾಯಿತು.

ಜೇಬೆಜ್ ಟೋಪಿ ಕೈಯಲ್ಲಿ ಹಿಡಿದುಕೊಂಡು ಹೋಗಿ, ಅದು ತನ್ನ ಕೆಲಸವೆಂದ. ಕಲ್ಲುಕುಟಿಗರು ತಮ್ಮ ಗುರುತನ್ನು ಕಲ್ಲಿನ ಅಡಿಮೈಗೆ, ಕಾಣದ ಕಡೆ ಕೊರೆಯುವುದು ವಾಡಿಕೆ. ಎಡಗಡೆಯ ಮೂರನೇ ಕಲ್ಲು ತೆಗೆದರೆ ಸಿಗುತ್ತದೆ ಎಂದ. ಲಮ್ಲಿ ಮಗುವಿಗೆ ಹೇಳುವಂತೆ ತಿಳಿಹೇಳಿದ: ಐನೂರು ವರ್ಷದ ಕಲ್ಲನ್ನು ತೆಗೆಯುವಂತಿಲ್ಲ. ಹೊಸದೆಂದು ರುಜುವಾತಾದರೆ ತೆಗೆಯಬಹುದಂತೆ. ಯಜಮಾನಿ ಅವನಿಗೊಂದು ಲೋಟ ಶೆರಿ ವೈನು ಕುಡಿಸಿ ಹಿಂಬಾಗಿಲಿನಿಂದ ಸಾಗಹಾಕಿದಳು. ಪಬ್ಬಿನಲ್ಲಿ ಅವನಿಗೆ ಐನೂರು ವರ್ಷದ ಅಜ್ಜ ಎಂಬ ಹೆಸರು ಬಿತ್ತು. ಅವನಿಗೆ ಬೇಕಾಗಿದ್ದುದು ಸಾಯುವುದರೊಳಗೆ ಕೆತ್ತನೆ ಬಲ್ಲವರೊಬ್ಬರು ಅದು ನಿನ್ನದೇ ಎನ್ನುವುದು, ಅಷ್ಟೇ. ನಾನು ನೂರು ಸಲ ಅಂದಿದ್ದೆ. ಅಡುಗೆಯವಳ ಮಾತು ಲೆಕ್ಕಕ್ಕಿಲ್ಲ.

ಜೇಬೆಜ್‌ಗೆ ಎಪ್ಪತ್ತೆರಡಾದ ವರ್ಷ, ಪಿಯಾನೋ ಸಾಗಿಸುವವರು ಕಮಾನಿಗೆ ಗುದ್ದಿ ಒಂದು ಎಲೆಯನ್ನು ಉದುರಿಸಿದರು. ಹಳೆಯದರಂತೆಯೇ ಕೆತ್ತಿ ಕೂರಿಸಬೇಕೆಂದು ಅಪ್ಪಣೆಯಾಯಿತು. ಆ ಕಲ್ಲನ್ನು ಕೈಯಲ್ಲಿ ಕೆತ್ತಬಲ್ಲವರು ಸುತ್ತಮುತ್ತ ಬೇರೆ ಯಾರೂ ಉಳಿದಿರಲಿಲ್ಲ. ಮೂಗು ಮುರಿಯುತ್ತಲೇ ಅವನನ್ನು ಕರೆಸಿದರು.

ಜೇಬೆಜ್ ಅಡುಗೆಮನೆಗೆ ನನ್ನ ಬಳಿ ಬಂದು ಬಾಗಿಲು ಹಾಕಿಕೊಂಡ. “ಆಲಿವ್, ಹೊಸ ಎಲೇನ ಹಳೇ ಎಲೆ ಪಕ್ಕ ಇಟ್ರೆ ಎರಡೂ ಒಂದೇ ಕೈದು ಅಂತ ಕುರುಡನಿಗೂ ಗೊತ್ತಾಗುತ್ತೆ. ಇನ್ನು ಕಲ್ಲು ತೆಗೆಯೋ ರಗಳೇನೇ ಬೇಡ.”

ಏಳು ವಾರ ಕೆತ್ತಿದ. ಬೀರ್ ಬಿಟ್ಟ, ಭಾನುವಾರದ ಚರ್ಚನ್ನೂ ಬಿಟ್ಟ.

ಲಮ್ಲಿ ಬಂದ ದಿನ ಯಾರೂ ಕೇಳದಿದ್ದರೂ ನಾನು ಟೀ ತಟ್ಟೆ ಹಿಡಿದು ಹಜಾರದಲ್ಲೇ ನಿಂತೆ. ಪಂಡಿತ ಭೂತಗನ್ನಡಿ ತೆಗೆದು ಹಳೆಯ ಎಲೆ ನೋಡಿದ, ಹೊಸದು ನೋಡಿದ, ಮತ್ತೆ ಹಳೆಯದಕ್ಕೇ ಹೋದ.

“ಕೆಲಸ ಅಚ್ಚುಕಟ್ಟಾಗಿದೆ, ಹಾಕಡೇ. ಆದ್ರೆ ಹಳೇದನ್ನ ಕೆತ್ತಿದ ಆ ಮನುಷ್ಯನ ಕೈಯೇ ಬೇರೆ. ನೋಡಿ, ಅವನ ಉಳಿ ಎಲ್ಲೂ ತಡವರಿಸಿಲ್ಲ,” ಎಂದ.

ಬಿಸಿ ಟೀಯನ್ನು ಅವನ ನೆತ್ತಿಗೆ ಸುರಿಯೋಣ ಅನ್ನಿಸಿತು. ಜೇಬೆಜ್ ಕನ್ನಡಕ ಹಾಕಿಕೊಂಡು ಎರಡೂ ಎಲೆಗಳನ್ನು ತಾನೇ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಉಳಿಗಳನ್ನು ಚೀಲಕ್ಕೆ ತುಂಬಿಕೊಂಡ.

ಅಡುಗೆಮನೆಯಲ್ಲಿ ಅವನ ಮುಂದೆ ಬ್ರೆಡ್ಡು, ಚೀಸು ಇಟ್ಟು, ಲಮ್ಲಿಯ ಏಳು ತಲೆಮಾರನ್ನೂ ಜಾಲಾಡತೊಡಗಿದೆ. ಜೇಬೆಜ್ ಎರಡೂ ಕೈಗಳನ್ನು ಮೇಜಿನ ಮೇಲೆ ಚಾಚಿ ಕೂತಿದ್ದ. ಬೆರಳುಗಳು ನಡುಗುತ್ತಿದ್ದವು.

“ಬೈಬೇಡ ಕಣಮ್ಮ,” ಎಂದ. “ಅವನು ಹೇಳಿದ್ದು ಸರಿ. ಆ ಇಪ್ಪತ್ನಾಲ್ಕರ ಹುಡುಗ ನನಗಿಂತ ಚೆನ್ನಾಗಿ ಕೆತ್ತುತ್ತಿದ್ದ.”