ಸಾಹೇಬರಿಗಾಗಿ ಗುಡಿಸಿದ ರಸ್ತೆ

ಇತ್ತೀಚೆಗೆ ನಾನು ನನ್ನ ಸ್ವಂತ ಮನೆಯ ಹೊಸ್ತಿಲು ದಾಟುವಾಗಲೂ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡುತ್ತೇನೆ. ಇದನ್ನು ನೀವು ವೃದ್ಧಾಪ್ಯದ ಲಕ್ಷಣವೆಂದೋ, ಸಾಲ ಕೊಟ್ಟವರ ಭಯವೆಂದೋ ತಿಳಿದರೆ ತಪ್ಪು ನಿಮ್ಮದಲ್ಲ. ನನ್ನ ಹೆಂಡತಿಯೂ ಮೊದಮೊದಲು ಹಾಗೆಯೇ ಏನೇನೋ ತಿಳಿದಿದ್ದಳು. ನಿಜ ಸಂಗತಿ ಎಂದರೆ, ನಮ್ಮ ಮೆಟ್ಟಿಲು ಮುಗಿಯುವಲ್ಲಿ ಈಗ ರಸ್ತೆ ಶುರುವಾಗುವುದಿಲ್ಲ, ಯಾರದೋ ಕಾರಿನ ಬಂಪರು ಶುರುವಾಗುತ್ತದೆ. ಆ ಬಂಪರಿಗೂ ಎದುರುಮನೆಯ ಕಟ್ಟೆಗೂ ನಡುವೆ ಉಳಿದ ಸಂದಿಯಲ್ಲಿ ಮೋಟಾರುಸೈಕಲ್ಲುಗಳು ನುಗ್ಗುತ್ತವೆ. ಹಾಲು ತರಲು ಹೊರಟ ನಾನು ಪಾತ್ರೆಯನ್ನು ಎದೆಗೆ ಅವಚಿಕೊಂಡು, ಹೊಟ್ಟೆಯನ್ನು ಒಳಗೆಳೆದುಕೊಂಡು, ಗೋಡೆಗೆ ಒರಗಿ ನಿಲ್ಲುತ್ತೇನೆ. ಹಾಗೆ ಒಳಗೆಳೆದುಕೊಳ್ಳಲು ಸಾಕಷ್ಟು ಹೊಟ್ಟೆಯನ್ನು ನಿವೃತ್ತಿಯ ನಂತರ ಸಂಪಾದಿಸಿಟ್ಟಿದ್ದು ಒಂದು ಅನುಕೂಲವೇ ಆಯಿತು.

ನಾನು ಸ್ವಭಾವತಃ ಸಿಟ್ಟಿನ ಮನುಷ್ಯನಲ್ಲ. ಮೂವತ್ತು ವರ್ಷ ಕನ್ನಡ ಶಾಲೆಯ ಮಕ್ಕಳಿಗೆ ಕಾಗುಣಿತ ತಿದ್ದಿಸಿದವನಲ್ಲಿ ಸಿಟ್ಟು ಉಳಿಯುವುದಕ್ಕೆ ಅವಕಾಶವೆಲ್ಲಿ? ಆದರೂ ಈ ಬರಹವನ್ನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ. ಲಲಿತವಾದ ಸಂಗತಿಗಳನ್ನು ಬಯಸಿ ಬಂದ ಓದುಗ ಮಿತ್ರರಿಗೆ ಇದನ್ನು ಮೊದಲೇ ಹೇಳಿಬಿಡುವುದು ನ್ಯಾಯ.

ನಮ್ಮ ಕಾಲನಿ ಗಡಿಯಾಚೆ, ಮರಾಠಿ ಸೀಮೆಗೆ ಸೇರಿದ ಜತ್ತ ಊರಿನ ಅಂಚಿಗಿದೆ. ಸಂಖ, ಉಮದಿ, ಅಸಂಗಿ ಕಡೆಯ ಶಾಲೆಗಳಲ್ಲಿ ನೌಕರಿ ಮಾಡುತ್ತಿದ್ದ ನಾವು ಹತ್ತಾರು ಮಂದಿ ಶಿಕ್ಷಕರು ಇಪ್ಪತ್ತೈದು ವರ್ಷಗಳ ಹಿಂದೆ ಇಲ್ಲಿ ಕೂಡಿ ಪ್ಲಾಟು ಹಿಡಿದೆವು. ಆಗ ಇಲ್ಲಿದ್ದದ್ದು ಕಲ್ಲು, ಜಾಲಿ, ಮತ್ತು ಕುರಿಗಳು ತುಳಿದು ತುಳಿದು ಮಾಡಿದ ಒಂದು ಹಾದಿ. ರಸ್ತೆಯನ್ನು ಎಲ್ಲಿ ಬಿಡಬೇಕೆಂದು ತಲೆ ಕೆಡಿಸಿಕೊಳ್ಳುವ ತಾಪತ್ರಯ ಪ್ಲಾಟು ಹಾಕಿದವನಿಗೆ ಬರಲಿಲ್ಲ. ಕುರಿಗಳು ಗುರುತು ಮಾಡಿಟ್ಟಿದ್ದವು. ಅವನು ಆ ಹಾದಿಯ ಎರಡೂ ಬದಿಗೆ ಸುಣ್ಣದ ಗೆರೆ ಎಳೆದ, ನಾವು ಗೆರೆಯ ಗುಂಟ ಮನೆ ಕಟ್ಟಿಸಿದೆವು. ನನ್ನ ಮನೆಗೆ ನಾನು ‘ಪ್ರಶಾಂತಿ’ ಎಂದು ಹೆಸರಿಟ್ಟೆ. ಈಗ ಆ ಹೆಸರನ್ನು ಯಾರಾದರೂ ಓದಬೇಕಾದರೆ ಮೊದಲು ಒಂದು ಟೆಂಪೋ ಸರಿಯಬೇಕು.

ಕುರಿಗಳು ಬೀರಪ್ಪನವು. ಅವನ ದಡ್ಡಿ, ಅಂದರೆ ರಾತ್ರಿ ಹಿಂಡು ಕೂಡುವ ಬೇಲಿ, ಕಾಲನಿಯ ಈ ತುದಿಗೆ; ಹಿಂಡು ಮೇಯುವ ಬಯಲು ಆ ತುದಿಗೆ. ನಡುವೆ ಇರುವುದು ನಮ್ಮ ರಸ್ತೆ. ಮುಂಜಾನೆ ಹೋಗುವಾಗ, ಸಂಜೆ ಬರುವಾಗ ಬೀರಪ್ಪನ ‘ಹುರ್ರ್ಯೋ’ ಕೇಳಿಸಿತೆಂದರೆ ನಾವು ಸೈಕಲ್ಲನ್ನು ಒಳಗೆ ಎಳೆದುಕೊಳ್ಳುತ್ತಿದ್ದೆವು, ಒಣಗಲು ಹಾಕಿದ ಜೋಳ ಬಾಚಿಕೊಳ್ಳುತ್ತಿದ್ದೆವು, ಪಕ್ಕದ ಮನೆಯ ಜೈನಾಬಿ ಹೊಲಿಗೆಯ ಮಷೀನು ಬಿಟ್ಟೆದ್ದು ತನ್ನ ದಾಸವಾಳದ ಗಿಡ ಉಳಿಸಿಕೊಳ್ಳಲು ಗೇಟು ಹಾಕುತ್ತಿದ್ದಳು. ಎರಡು ನಿಮಿಷದಲ್ಲಿ ಹಿಂಡು ದಾಟಿ ಹೋಗುತ್ತಿತ್ತು, ಹಿಕ್ಕೆ ಉಳಿಯುತ್ತಿತ್ತು, ಅದನ್ನು ಗುಡಿಸಿ ನಾವು ಗಿಡಗಳಿಗೆ ಹಾಕುತ್ತಿದ್ದೆವು. ಇಷ್ಟು ವರ್ಷ ನಮ್ಮ ರಸ್ತೆಯಲ್ಲಿ ಇದ್ದ ಸಂಚಾರ ನಿಯಮ ಇದೊಂದೇ. ಯಾರೂ ಬರೆದಿರಲಿಲ್ಲ, ಆದ್ದರಿಂದ ಯಾರೂ ಮುರಿದಿರಲಿಲ್ಲ.

ಎರಡು ವರ್ಷಗಳ ಹಿಂದೆ ಮೂರು ಪ್ಲಾಟು ಒಂದುಗೂಡಿಸಿ ಒಬ್ಬ ಬಿಲ್ಡರು ಮಹಡಿಯ ಮೇಲೆ ಮಹಡಿ ಏರಿಸಿದ. ಮೂರು ಸಂಸಾರ ಇರಬೇಕಾದಲ್ಲಿ ಇಪ್ಪತ್ತಕ್ಕೆ ಹೆಚ್ಚು ಸಂಸಾರ ಬಂದವು. ಬರಲಿ, ಮನುಷ್ಯರು ಬಂದರೆ ಬೇಸರಪಡುವ ಜಾತಿ ನಾನಲ್ಲ. ಆದರೆ ಕಟ್ಟಡದ ನಕಾಶೆಯಲ್ಲಿ ಕೆಳಗಿನ ಅಂತಸ್ತು ಪೂರ್ತಿ ಗಾಡಿ ನಿಲ್ಲಿಸುವ ಜಾಗವಿತ್ತು. ಅದನ್ನು ನಾನೇ ಪುರಸಭೆಯ ಕಚೇರಿಯಲ್ಲಿ ಕಣ್ಣಾರೆ ನೋಡಿ ಬಂದಿದ್ದೇನೆ. ಎಷ್ಟು ಚೆಂದದ ಚೌಕಗಳು, ಒಂದೊಂದು ಚೌಕದಲ್ಲೂ ಒಂದೊಂದು ಪುಟ್ಟ ಕಾರು! ನಕಾಶೆಯ ಆ ಕಾರುಗಳು ಕಾಗದದಲ್ಲಿಯೇ ಉಳಿದವು. ನೆಲದ ಮೇಲೆ ಅದೇ ಜಾಗದಲ್ಲಿ ಸಾಲಾಗಿ ಅಂಗಡಿಗಳ ಶಟರು ಎದ್ದವು, ನಿಜವಾದ ಕಾರುಗಳೆಲ್ಲ ನಮ್ಮ ಮೆಟ್ಟಿಲಿಗೆ ಬಂದು ನಿಂತವು. ಸುಳ್ಳನ್ನು ಇಷ್ಟು ಅಳತೆ ಹಿಡಿದು, ಸ್ಕೇಲು ಇಟ್ಟು ಬರೆಯಬಹುದೆಂದು ನನಗೆ ಗೊತ್ತಿರಲಿಲ್ಲ. ಫ್ಲ್ಯಾಟು ಕೊಂಡವರನ್ನು ಬೈಯಲಾರೆ. ಅವರಿಗೆ ತೋರಿಸಿದ್ದೂ ಆ ಚೌಕಗಳನ್ನೇ. ಈಗ ಆ ಪುಣ್ಯಾತ್ಮ ಪಕ್ಕದಲ್ಲೇ ಇನ್ನೊಂದು ಕಟ್ಟಡಕ್ಕೆ ಪಾಯ ತೆಗೆಸುತ್ತಿದ್ದಾನೆ, ಅದರ ಬಾಗಿಲೂ ಇದೇ ರಸ್ತೆಗಂತೆ. ನೆನೆಸಿಕೊಂಡರೆ ಮೈ ಉರಿಯುತ್ತದೆ.

ಸಿಟ್ಟನ್ನು ಮನೆಯೊಳಗೇ ಬೇಯಿಸಿಕೊಂಡು ಇರುತ್ತಿದ್ದೆನೋ ಏನೋ. ಒಂದು ಸಂಜೆ ಹಿಂದಕ್ಕೆ ತೆಗೆಯುತ್ತಿದ್ದ ಗಾಡಿಗೂ ನಿಂತ ಗಾಡಿಗೂ ನಡುವೆ ಬೀರಪ್ಪನ ಒಂದು ಕುರಿ ಸಿಕ್ಕು ಕಾಲು ಮುರಿಯಿತು. ಬೀರಪ್ಪ ಅದನ್ನು ಹೆಗಲ ಮೇಲೆ ಹೊತ್ತು ನಮ್ಮ ಕಟ್ಟೆಯ ಹತ್ತಿರ ನಿಂತ. ಬೈಯಲಿಲ್ಲ, ಕೂಗಾಡಲಿಲ್ಲ.

“ಗಬ್ಬದ ಕುರಿರಿ ಸರ. ಇನ್ನ ಹದಿನೈದ ದಿನದಾಗ ಈಯತಿತ್ತ,” ಎಂದ. “ಹೈವೇ ಮ್ಯಾಲಿಂದ ಹೊಡಕೊಂಡ ಹೋಗ ಅಂತಾರ ಆ ಅಂಗಡಿಯವರು. ಒಂದ ಲಾರಿ ಬ್ರೇಕ್ ಹಿಡೀಲಿಲ್ಲಂದ್ರ ಹಿಂಡ ಉಳೀತದೇನ್ರಿ? ಈ ಹಾದಿ ಬಂದ್ ಆತಂದ್ರ ಎಲ್ಲಾ ಮಾರಬೇಕ ನೋಡ್ರಿ. ಕುರಿ ಬಿಟ್ರ ನನಗ ಬ್ಯಾರೆ ಏನೂ ಬರೂದಿಲ್ಲ.”

ಆ ರಾತ್ರಿಯೇ ಕೂತು, ರಸ್ತೆಯ ಗಾಡಿಗಳನ್ನು ತೆಗೆಸಿ, ಹೊಸ ಕಟ್ಟಡ ತಡೆಯಿರಿ ಎಂದು ಅರ್ಜಿ ಬರೆದೆ. ಸಿಟ್ಟು ಬಂದದ್ದು ಕನ್ನಡದಲ್ಲಿ, ಬರೆಯಬೇಕಾದದ್ದು ಮರಾಠಿಯಲ್ಲಿ; ದಾಟುವಾಗ ಅರ್ಧ ಸಿಟ್ಟು ಸೋರಿ ಹೋಗಿ, ಕೊನೆಗೆ ‘ನಮ್ರ ವಿನಂತಿ’ ಮಾತ್ರ ಉಳಿಯಿತು. ಆದರೂ ರಸ್ತೆಯವರೆಲ್ಲ ಸಹಿ ಮಾಡಿದರು. ಫ್ಲ್ಯಾಟಿನವರಲ್ಲಿಯೂ ಕೆಲವರು ಮಾಡಿದರು. ಬೀರಪ್ಪ ಹೆಬ್ಬೆಟ್ಟು ಒತ್ತಿ, ಉಳಿದ ಶಾಯಿಯನ್ನು ಗೌರವದಿಂದ ತಲೆಗೆ ಒರೆಸಿಕೊಂಡ. ನಾಲ್ಕು ಸಲ ಕಚೇರಿಗೆ ಎಡತಾಕಿದ ಮೇಲೆ, ನಾಳೆ ಹನ್ನೊಂದಕ್ಕೆ ಸಾಹೇಬರು ಪಾಹಣಿಗೆ, ಅಂದರೆ ತಪಾಸಣೆಗೆ, ಬರುತ್ತಾರೆ, ರಸ್ತೆಯನ್ನು ಖುದ್ದಾಗಿ ನೋಡುತ್ತಾರೆ ಎಂದು ಫೋನು ಬಂತು.

ಈಗ ಹೇಳಬೇಕಾದ್ದನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ. ಪ್ರಿಯ ಓದುಗರೇ, ನೀವು ಶಿಕ್ಷಕರಾಗಿದ್ದರೆ ಮಾತ್ರ ನನ್ನನ್ನು ಕ್ಷಮಿಸಬಲ್ಲಿರಿ. ‘ಸಾಹೇಬರು ಪಾಹಣಿಗೆ ಬರುತ್ತಾರೆ’ ಎಂಬ ವಾಕ್ಯವನ್ನು ಮೂವತ್ತು ವರ್ಷ ಕೇಳಿದ ಕಿವಿಗೆ ಅದರ ಅರ್ಥ ಒಂದೇ: ಗುಡಿಸು, ತೊಳೆ, ಕಲ್ಲಿಗೆ ಸುಣ್ಣ ಹಚ್ಚು, ಮಕ್ಕಳಿಗೆ ಉಗುರು ಕತ್ತರಿಸಿಕೊಂಡು ಬರಲು ಹೇಳು. ಮುಂಜಾನೆ ಏಳಕ್ಕೆಲ್ಲ ನಾನು ರಸ್ತೆಯಲ್ಲಿದ್ದೆ. ನನ್ನನ್ನು ನೋಡಿ ಉಳಿದ ನಿವೃತ್ತರೂ ಪೊರಕೆ ಹಿಡಿದು ಬಂದರು. ಅವರ ಕಿವಿಗಳೂ ಅದೇ ಶಾಲೆಯವು. ಹಿಕ್ಕೆ ಬೀಳಬಾರದೆಂದು ಬೀರಪ್ಪನಿಗೆ ಹಿಂಡನ್ನು ಹೊತ್ತು ಮೂಡುವ ಮೊದಲೇ ದಾಟಿಸಲು ಹೇಳಿದ್ದೆ. ಫ್ಲ್ಯಾಟಿನ ಮನೆಮನೆಗೆ ಹತ್ತಿ ಇಳಿದು, ಸಾಹೇಬರು ಬರುವ ಹೊತ್ತಿಗೆ ಗಾಡಿಗಳನ್ನು ದಯಮಾಡಿ ಹತ್ತಿರದ ಮೈದಾನದಲ್ಲಿ ನಿಲ್ಲಿಸಿ ಎಂದು ಕೈ ಮುಗಿದೆ. ಪಾಪ, ಒಬ್ಬರೂ ಇಲ್ಲವೆನ್ನಲಿಲ್ಲ.

“ಸಾಹೇಬ್ರು ಬರ್ತಾರಂದ್ರ ಇಷ್ಟರ ಮಾಡಬೇಕಲ್ರಿ ಸರ, ನಮ್ಮ ಗಲ್ಲಿ ಮರ್ಯಾದಿ ಪ್ರಶ್ನೆ,” ಎಂದು ಜೈನಾಬಿ ನೀರು ಚಿಮುಕಿಸಿದಳು. ನನ್ನ ಹೆಂಡತಿ ರಸ್ತೆಯ ನಟ್ಟನಡುವೆ, ಎರಡು ವರ್ಷದಿಂದ ಕಾರು ನಿಲ್ಲುತ್ತಿದ್ದ ಜಾಗದಲ್ಲಿ, ರಂಗೋಲಿ ಬಿಟ್ಟಳು.

ಸಾಹೇಬರು ಬಂದರು. ಅವರ ಜೀಪು ಈ ತುದಿಯಿಂದ ಆ ತುದಿಗೆ ಬೆಣ್ಣೆಯಲ್ಲಿ ಬಿಟ್ಟ ಚಾಕುವಿನ ಹಾಗೆ ಸಾಗಿ, ಅಲ್ಲಿ ಆರಾಮವಾಗಿ ತಿರುಗಿ, ಮರಳಿ ಬಂದು ನಮ್ಮ ಮನೆಯ ಮುಂದೆ ನಿಂತಿತು. ಅವರು ಚಹಾ ಕುಡಿದರು, ಚೂಡಾ ತಿಂದರು, ‘ಫಾರ ಛಾನ’ ಎಂದು ರಂಗೋಲಿಯನ್ನು ಹೊಗಳಿದರು. ನಾನು ಹಿಗ್ಗಿದೆ. ಹೌದು, ಹಿಗ್ಗಿದೆ! ಶಾಲೆಗೆ ಒಳ್ಳೆಯ ಶೇರಾ ಬರೆದರೆಂಬ ಹಿಗ್ಗು. ಜೀಪು ಮರೆಯಾದ ಮೇಲೆ, ಗಾಡಿಗಳೆಲ್ಲ ಮೈದಾನದಿಂದ ಮರಳಿ ಬಂದು ರಂಗೋಲಿಯ ಮೇಲೆ ನಿಂತಾಗ, ಎಂಥ ಮೂರ್ಖತನ ಮಾಡಿದೆನೆಂದು ಹೊಳೆಯಿತು. ಹತ್ತು ದಿನಕ್ಕೆ ವರದಿಯ ಪ್ರತಿ ಬಂತು: ರಸ್ತೆ ಪ್ರಶಸ್ತವಾಗಿದೆ, ‘ವಾಹತುಕೀಸ ಕೋಣತಾಹೀ ಅಡಥಳಾ ನಾಹೀ’, ಸಂಚಾರಕ್ಕೆ ಯಾವ ಅಡಚಣೆಯೂ ಇಲ್ಲ. ಹೊಸ ಕಟ್ಟಡಕ್ಕೆ ಹರಕತ್ತು, ಅಂದರೆ ತಕರಾರು, ಮಾಡಲು ಕಾರಣವಿಲ್ಲ.

ಆ ಕಾಗದ ಹಿಡಿದು ನಾನು ಬೈದುಕೊಂಡ ಬೈಗುಳಗಳನ್ನು ಇಲ್ಲಿ ಬರೆಯಲಾರೆ. ಅವು ಪಠ್ಯಕ್ರಮದ ಹೊರಗಿನವು. ಬಿಲ್ಡರನಿಗೆ ಬೈದೆ, ಸಾಹೇಬರಿಗೆ ಬೈದೆ, ಬಹುಪಾಲು ನನಗೇ ಬೈದುಕೊಂಡೆ. ಒಬ್ಬ ಕಳ್ಳ ನಮ್ಮ ಮನೆಗೆ ಕನ್ನ ಹಾಕಿದ್ದಾನೆ ಎಂದು ದೂರು ಕೊಟ್ಟು, ಪೊಲೀಸರು ಬರುವ ಮೊದಲು ಕನ್ನವನ್ನು ಮುಚ್ಚಿ ಗಿಲಾವು ಮಾಡಿಸಿದವನು ನಾನು.

ಎರಡನೆಯ ಅರ್ಜಿ ಬರೆದೆ. ಈ ಸಲ ಪಾಹಣಿಯ ವೇಳೆಯನ್ನೂ ನಾನೇ ಕೇಳಿಕೊಂಡೆ, ಮುಂಜಾನೆ ಎಂಟೂವರೆ. ಹಿಂದಿನ ದಿನ ಮನೆಮನೆಗೆ ಹೋಗಿ, ಯಾರೂ ಗುಡಿಸಬಾರದು, ಯಾರೂ ಗಾಡಿ ತೆಗೆಯಬಾರದು, ಚಹಾದ ಹೆಸರು ಎತ್ತಬಾರದು ಎಂದು ಹೇಳಿಬಂದೆ. ನನ್ನ ಹೆಂಡತಿ ಮಾತ್ರ ಒಳಗಿನಿಂದ, “ಮನಿ ಮುಂದ ಬಂದವರಿಗೆ ಒಂದ್ ಕಪ್ ಚಹಾ ಆದ್ರೂ ಬ್ಯಾಡೇನ್ರಿ?” ಎಂದು ಮೂರು ಸಲ ಕೇಳಿದಳು. ಅವಳ ಸಂಕಟ ನನಗೂ ಇತ್ತು.

ಎಲ್ಲವೂ ಅಂದುಕೊಂಡಂತೆಯೇ ಆಯಿತು. ಸಾಹೇಬರ ಜೀಪು ನಾಲ್ಕು ಮನೆ ದಾಟುವಷ್ಟರಲ್ಲಿ ಸಿಕ್ಕಿಬಿತ್ತು. ಮುಂದೆ ಟೆಂಪೋ, ಹಿಂದೆ ಶಾಲೆಯ ರಿಕ್ಷಾ, ಬದಿಗೆ ಕಾರುಗಳ ಸಾಲು. ಅದೇ ಹೊತ್ತಿಗೆ ಬೀರಪ್ಪನ ಹಿಂಡು ಬಂದು ಜೀಪಿನ ಸುತ್ತ ತುಂಬಿಕೊಂಡಿತು. ಸಾಹೇಬರು ಗಾಜು ಏರಿಸಿಕೊಂಡರು. ಒಂದು ಟಗರು ಎದ್ದು ನಿಂತು ಬಾಗಿಲಿಗೆ ಮುಂಗಾಲು ಊರಿ ಒಳಗೆ ಇಣುಕಿತು. ಅರ್ಧ ತಾಸು ಅವರು ಒಳಗೇ ಕೂತಿದ್ದರು; ಕಟ್ಟೆಯ ಮೇಲೆ ಕೈ ಕಟ್ಟಿಕೊಂಡು ನಿಂತ ನನಗೆ ಆ ಅರ್ಧ ತಾಸು ಕೊಟ್ಟ ಸುಖವನ್ನು ಮುಚ್ಚಿಡುವುದಿಲ್ಲ. ಈಗ ನೋಡಿದರಲ್ಲ, ಈಗ ಬರೆಯುತ್ತಾರೆ ಎಂದುಕೊಂಡೆ.

ಬರೆದರು. ಎರಡನೆಯ ವರದಿ ಇನ್ನೂ ಬೇಗ ಬಂತು. ರಸ್ತೆಯಲ್ಲಿ ಗಂಭೀರ ಅಡಚಣೆ ಇರುವುದು ನಿಜ ಎಂದು ಅದರಲ್ಲಿತ್ತು. ಅಡಚಣೆ ‘ಮೇಂಢ್ಯಾಂಮುಳೆ’, ಕುರಿಗಳಿಂದ. ವಸತಿ ಪ್ರದೇಶದಲ್ಲಿ ಜಾನುವಾರುಗಳ ಓಡಾಟಕ್ಕೆ ಪ್ರತಿಬಂಧ ಹಾಕಿ ಅವುಗಳನ್ನು ಬೇರೆ ಮಾರ್ಗದಿಂದ ಕಳಿಸಬೇಕೆಂದು ಶಿಫಾರಸು. ಕಾರುಗಳ ಬಗ್ಗೆ ಒಂದು ಅಕ್ಷರವಿಲ್ಲ, ಶಟರುಗಳ ಬಗ್ಗೆ ಒಂದು ಅಕ್ಷರವಿಲ್ಲ, ನಕಾಶೆಯ ಆ ಚೆಂದದ ಚೌಕಗಳ ಬಗ್ಗೆ ಒಂದು ಅಕ್ಷರವಿಲ್ಲ!

ಓದಲು ಬಾರದ ಬೀರಪ್ಪನಿಗೆ ಇದನ್ನು ನಾನೇ ಓದಿ ಹೇಳಬೇಕಾಯಿತು. ಅವನು ಕಟ್ಟೆಯ ಕೆಳಗಿನ ಮೆಟ್ಟಿಲ ಮೇಲೆ ಕೂತಿದ್ದ; ಮೇಲೆ ಬಾ ಎಂದರೂ ಬರಲಿಲ್ಲ. ನಾನು ಮೊದಲಿನಿಂದ ಕೊನೆಯವರೆಗೆ ಓದಿದೆ. ಒಂದು ಪದವನ್ನೂ ಬಿಡಲಿಲ್ಲ.

“ನೀವು ಮನಿ ಕಟ್ಟೂ ಮುಂದ ನಮ್ಮಪ್ಪನೂ ಬಾಜೂಕ ಸರದಾನ್ರಿ ಸರ,” ಎಂದ. “ಮಾಸ್ತರ ಮಂದಿ ಬರ್ತಾರ, ಚಲೋ ಮಂದಿ, ಒಂದ್ ಹಾದಿ ಅಂತೂ ಬಿಡ್ತಾರ ಅಂತಿದ್ದ. ಬಿಟ್ರಿ ಖರೇ. ಈಗ ಅದಕಿಂತ ಬಾಜೂಕ ಎಲ್ಲಿ ಸರೀಲಿ, ಹೇಳ್ರಿ.”

ಅವನ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ಚುಚ್ಚುತ್ತಿರಲಿಲ್ಲ. ಈ ಬಯಲಿಗೆ ಬಂದ ಮೊದಲ ದಟ್ಟಣೆ ನಾವೇ. ಮೊದಲ ಬಿಲ್ಡರನ ಮೊದಲ ಗಿರಾಕಿಗಳು ನಾವೇ. ಇದು ನನಗೆ ಇಪ್ಪತ್ತೈದು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ಮಕ್ಕಳಿಗೆ ನಾನು ಕಲಿಸಿದ ಮೊದಲ ಶಿಷ್ಟಾಚಾರ, ದೊಡ್ಡವರು ಬಂದರೆ ಸರಿದು ನಿಂತು ಹಾದಿ ಬಿಡಬೇಕು ಎಂಬುದು. ಯಾರು ದೊಡ್ಡವರು ಎಂದು ಕೇಳಲು ಕಲಿಸಲಿಲ್ಲ. ಗಾಡಿ ದೊಡ್ಡದಾದರೆ ಕೂತವನೂ ದೊಡ್ಡವನು ಎಂದು ಮಕ್ಕಳೂ ತಿಳಿದರು, ನಾನೂ ತಿಳಿದೆ, ಗೋಡೆಗೆ ಒರಗಿ ನಿಂತು ಹೊಟ್ಟೆ ಒಳಗೆಳೆದುಕೊಂಡೆ. ನಾಚಿಕೆಗೇಡು.

ಮೂರನೆಯ ಅರ್ಜಿ ಬರೆದಾಗಿದೆ. ಈ ಸಲ ಸಿಟ್ಟನ್ನು ಸೋರಲು ಬಿಡದೆ, ಕನ್ನಡದಲ್ಲಿ ಮೊದಲು ಬರೆದು, ಹಿಡಿದು ಹಿಡಿದು ಮರಾಠಿಗೆ ತಂದೆ. ಆದರೆ ಅರ್ಜಿಗೆ ಉತ್ತರ ಬರುವ ತನಕ ಕುರಿ ಉಪವಾಸ ಇರುವುದಿಲ್ಲವಲ್ಲ. ಮರುದಿನ ಮುಂಜಾನೆ ಬೀರಪ್ಪ ದಡ್ಡಿಯ ಬಾಗಿಲು ತೆಗೆಯುವಾಗ ನಾನು ಹೋಗಿ ಹಿಂಡಿನ ಮುಂದೆ ನಿಂತೆ. ಅವನು ಬೇಡವೆಂದ. ನಾನು ಕೇಳಲಿಲ್ಲ. ಜೈನಾಬಿ ಒಂದು ಬದಿಗೆ ಬಂದಳು, ನನ್ನ ಹೆಂಡತಿ ಇನ್ನೊಂದು ಬದಿಗೆ, ಕೈಯಲ್ಲಿ ಪೊರಕೆಯನ್ನು ಕೋಲಿನಂತೆ ಹಿಡಿದು.

ಅರ್ಧ ರಸ್ತೆಗೆ ಎದುರಿನಿಂದ ಕಾರು ಬಂತು. ಎರಡನೆಯ ಮಹಡಿಯ ತರುಣ, ಮೊದಲ ಅರ್ಜಿಗೆ ಸಹಿ ಹಾಕಿದವನೇ. ಹಾರ್ನು ಬಾರಿಸಿದ. ನನ್ನ ಕಾಲು ಅಭ್ಯಾಸದಿಂದ ಗೋಡೆಯ ಕಡೆ ಹೊರಟಿತು. ಅದನ್ನು ಹಿಡಿದು ನಿಲ್ಲಿಸಿದೆ.

“ಸರ, ಆಫೀಸಿಗೆ ತಡಾ ಆಗೇದ್ರಿ, ಸ್ವಲ್ಪ ಬಾಜೂಕ ಆಗ್ರಿ,” ಎಂದ ತಲೆ ಹೊರಹಾಕಿ.

“ನೀನ ಹಿಂದಕ ತಗೋ ತಮ್ಮಾ,” ಎಂದೆ.

ಅವನು ನನ್ನ ಮುಖ ನೋಡಿದ, ಕುರಿಗಳನ್ನು ನೋಡಿದ, ಹಿಂದೆ ಬಂದು ನಿಂತ ಟೆಂಪೋವನ್ನು ಕನ್ನಡಿಯಲ್ಲಿ ನೋಡಿದ. ನಾನು ಕೈ ಚಾಚಿ, ಇಡೀ ರಸ್ತೆಗೆ ಅಡ್ಡವಾಗಿ, ಅಲ್ಲಾಡದೆ ನಿಂತುಬಿಟ್ಟೆ. ಹಾಗೆ ನಿಂತದ್ದು ನನಗೇ ಬಹಳ ಶೂರತನವಾಗಿ ಕಂಡಿತು. ಆಗ ಹಿಂದಿನಿಂದ ಬೀರಪ್ಪ ಕೂಗಿದ:

“ನಿಂದರಬ್ಯಾಡ್ರಿ ಸರ! ಮುಂದಿನಾಂವ ನಿಂತ್ರ ಕುರಿ ಹಿಂದಕ ತಿರಗತಾವ. ನಡೀರಿ, ನಡೀರಿ!”

ನಾನು ಕಾರಿನ ಕಡೆಗೆ ನಡೆದೆ.