ಯಾರೂ ಕೂಗದ ಬುಟ್ಟಿ

ಕೊರೊನಾ ಕಳೆದ ಮರುವರ್ಷ ನಾನು ಹಾಸನದ ಒಂದು ಸಣ್ಣ ಕ್ರೈಸ್ತ ಸಭೆಯ ಪಾಲಕನಾಗಿದ್ದೆ. ಅರಕಲಗೂಡು, ಹೊಳೆನರಸೀಪುರದ ವಿಶ್ವಾಸಿಗಳೂ ನನ್ನ ಹೊಣೆಗೇ ಸೇರಿದ್ದರು. ದೇವರು ಕೊಟ್ಟಿದ್ದಕ್ಕೆ ನಾವು ಒಡೆಯರಲ್ಲ, ಬರೀ ನೋಡಿಕೊಳ್ಳುವವರು. ಇದಕ್ಕೆ ನಮ್ಮಲ್ಲಿ ‘ಮನೆವಾರ್ತೆ’ ಎನ್ನುತ್ತಾರೆ. ಅದನ್ನೇ ಬೋಧಿಸಿ ಬೋಧಿಸಿ ನನ್ನ ಗಂಟಲು ಒಣಗಿತ್ತು.

ಆ ಪಾಠವನ್ನು ನಿಜಕ್ಕೂ ಕಿವಿಗೆ ಹಾಕಿಕೊಂಡವಳು ಲಿಡಿಯಾ. ಕೋಲ್ಕತ್ತದ ಚೀನೀ ಮನೆತನದ ಹೆಣ್ಣು. ಹಾಸನದಲ್ಲಿ ಬ್ಯೂಟಿ ಪಾರ್ಲರ್ ಇಟ್ಟು ಬಹಳ ವರ್ಷವಾಗಿತ್ತು. ಕೊರೊನಾದಲ್ಲಿ ಪಾರ್ಲರ್ ಮುಚ್ಚಿದಾಗ ಹಬೆಯಲ್ಲಿ ಬನ್ನು ಬೇಯಿಸಿ, ಕಾಯಿಲೆ ಬಿದ್ದ ಮನೆಗಳಿಗೆ ನನ್ನ ಕೈಲಿ ಕಳಿಸುತ್ತಿದ್ದಳು. “ಯಾರ್ ಕಳ್ಸಿದ್ದು ಅಂತ ಏಳ್ಬೇಡಿ ಅಯ್ನೋರೆ” ಎಂದು ಮಾತು ತೆಗೆದುಕೊಂಡಿದ್ದಳು. ಸಭೆಯ ಹಿರಿಯ ಸ್ಯಾಮುವೇಲಪ್ಪನವರ ಮನೆಯಲ್ಲಂತೂ ವಾರಗಟ್ಟಲೆ ಅದೇ ಊಟ.

ಸುಗ್ಗಿ ಹಬ್ಬದಲ್ಲಿ ಪ್ರಥಮಫಲವನ್ನು ದೇವಾಲಯಕ್ಕೆ ತಂದು, ಆರಾಧನೆಯ ನಂತರ ಹರಾಜು ಹಾಕುವುದು ನಮ್ಮ ಪದ್ಧತಿ. ದುದ್ದ ಊರಿನವರ ರಾಗಿ, ತೆಂಗಿನಕಾಯಿ, ಹುಂಜ ಎಲ್ಲವೂ ಸಂತೆಬೆಲೆಗಿಂತ ಮೇಲಕ್ಕೇ ಹೋಗುತ್ತವೆ. ಒಬ್ಬರ ಕಾಣಿಕೆಯನ್ನು ಯಾರೂ ಕೂಗಲಿಲ್ಲವೆಂದರೆ ಅವರನ್ನೇ ಬೇಡವೆಂದ ಹಾಗೆ. ಪಾಲಕನಾದವನು ಕೂಗಬಾರದೆಂಬ ಕಟ್ಟಳೆ ಬೇರೆ. ಆ ವರ್ಷ, ಹೊಲವಿಲ್ಲದ ಲಿಡಿಯಾ ತಂದದ್ದು ಒಂದು ಬುಟ್ಟಿ ಬನ್ನು.

ಹರಾಜು ನಡೆಸುತ್ತಿದ್ದ ಸ್ಯಾಮುವೇಲಪ್ಪ ಬುಟ್ಟಿ ಎತ್ತಿ ಹಿಡಿದರು. ಒಬ್ಬರೂ ಕೂಗಲಿಲ್ಲ. ಹಿಂದಿನ ಬೆಂಚಿನಿಂದ ಒಬ್ಬ, “ಚೀನಾದೋರ್ ತಿಂಡಿ ಕಣ್ಲಾ, ಕೊರೊನಾ ಅಂಟ್ಕಂಡಾತು!” ಎಂದ. ಜನ ನಕ್ಕರು. ಥೂ, ದೇವಾಲಯದೊಳಗೆ, ಆಶೀರ್ವಾದ ಮುಗಿದ ಗಳಿಗೆಯಲ್ಲೇ! ಸ್ಯಾಮುವೇಲಪ್ಪನವರೂ ನಕ್ಕು ಬುಟ್ಟಿಯನ್ನು ಪಕ್ಕಕ್ಕಿಟ್ಟರು. “ಬುಡಿ, ಮುಂದೇನೈತೆ ನೋಡಾನ.”

ನನ್ನ ಮೈ ಉರಿದುಹೋಯಿತು. ಎಲ್ಲ ಹೇಳಿಬಿಡೋಣವೆಂದು ಬಾಯಿ ತೆರೆದೆ. ಲಿಡಿಯಾ ನನ್ನತ್ತ ನೋಡಿ ಬೇಡವೆಂದು ತಲೆಯಾಡಿಸಿದಳು. ಎದ್ದು ನಿಂತು, ತನ್ನ ಬುಟ್ಟಿಯನ್ನು ತಾನೇ ಕೂಗಿದಳು.

“ದೇವ್ರಿಗ್ ತಂದದ್ದು ಸುಮ್ನೆ ವಾಪಸ್ ಓಗ್ಬಾರ್ದು ಅಣ್ಣ.”

ಆಮೇಲೆ ಬಾಗಿಲಲ್ಲಿ ನಿಂತು ಎಲ್ಲರಿಗೂ ಹಂಚಲು ಹೋದಳು. ಹೆಚ್ಚಿನವರು ನೋಡದವರ ಹಾಗೆ ದಾಟಿದರು. ಸ್ಯಾಮುವೇಲಪ್ಪನವರ ಹೆಂಡತಿ ಮಾತ್ರ ಒಂದನ್ನು ಮುರಿದು ಬಾಯಿಗಿಟ್ಟು ಅಲ್ಲೇ ನಿಂತುಬಿಟ್ಟರು.

“ಅಯ್ಯೋ, ನಾವ್ ಮಲ್ಗಿದ್ದಾಗ ಬಾಗ್ಲಿಗ್ ಬತ್ತಿದ್ದುದ್ ಇದೇ ಕಣ್ರೀ!”

“ಸುಮ್ಕಿರು, ಜನ ನೋಡ್ತಾವ್ರೆ” ಎಂದರು ಗಂಡ.

ಲಿಡಿಯಾ ಮತ್ತೆ ಆ ಸಭೆಗೆ ಬರಲಿಲ್ಲ, ಮನೆಯಲ್ಲೇ ಪ್ರಾರ್ಥಿಸುತ್ತಾಳೆ. ನಿವೃತ್ತನಾದ ನನ್ನನ್ನು ಮನೆವಾರ್ತೆಯ ಬಗ್ಗೆ ಬೋಧಿಸಿ ಎಂದು ಚನ್ನರಾಯಪಟ್ಟಣದ ತನಕ ಕರೆಯುತ್ತಾರೆ. ಹೋಗಿ ಒಂದೇ ಮಾತು ಹೇಳುತ್ತೇನೆ: ಕದ ಮುಚ್ಚಿಕೊಂಡು ತಿಂದದ್ದನ್ನು ನಾಲ್ಕು ಜನರೆದುರು ತಿನ್ನಲಾಗದವರಿಗೆ ದೇವರು ತನ್ನ ಯಾವ ಸೊತ್ತನ್ನೂ ನಂಬಿ ಕೊಡಬಾರದು. ನನ್ನ ಕೆಲಸ ಕಲಿಸಿದ್ದು ಇಷ್ಟೇ. ಹೇಳಿದ ಕಡೆ ಎರಡನೇ ಸಲ ಕರೆಯುವುದಿಲ್ಲ.